ಬೇಲಿಯೂ ತಡಮೆಯೂ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ ‘ನಮ್ಮ ಇಗರ್ಜಿ, ನಮ್ಮ ಊರು, ನಮ್ಮ ಭಾಷೆ’ ಎಂಬ ಮಾತು ಎಲ್ಲರ ನಾಲಗೆಯ ಮೇಲಿದೆ. ಈ ಅಭಿಮಾನವು ನಮ್ಮನ್ನು ಒಂದುಗೂಡಿಸುವುದೋ, ಒಡೆಯುವುದೋ ಎಂಬುದನ್ನು ಇಂದು ವಿಚಾರಿಸೋಣ.

ಸವಣೂರಿನ ಪೇಟೆಯಲ್ಲಿ ಅರೆಗಳಿಗೆ ನಿಂತರೆ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲೆಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ಪುತ್ತೂರು ತಾಲೂಕಿನಲ್ಲಿದ್ದ ಊರು ಈಗ ಕಡಬ ತಾಲೂಕಿಗೆ ಸೇರಿದೆ. ಗಡಿ ಸರಿದ ಮಾತ್ರಕ್ಕೆ ನೆರೆಯವನು ಪರಕೀಯನಾಗಲಿಲ್ಲ.

ನಮ್ಮಲ್ಲನೇಕರಿಗೆ ಕೊಂಕಣಿ ತಾಯ್ನುಡಿ. ಆ ನುಡಿಗೆ ಮಂಗಳೂರಿನಲ್ಲಿ 1882ರಲ್ಲಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ರಚಿಸಿಕೊಟ್ಟವರು ಇಟಲಿಯಿಂದ ಬಂದ ಯೇಸುಸಭೆಯ ಗುರು ಮಾಫೆಯಿಯವರು. ಅಚ್ಚುಹಾಕಿದ್ದು ಪ್ರಾಟೆಸ್ಟೆಂಟರ ಬಾಸೆಲ್ ಮಿಶನ್ ಮುದ್ರಣಾಲಯ. ನಾವು ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ನಮ್ಮದೆಂದು ಹೆಮ್ಮೆಪಡುವ ಸೊತ್ತಿನಲ್ಲಿ ಅನ್ಯರ ಬೆವರೂ ಬೆರೆತಿದೆ.

ಇನ್ನು ನಮ್ಮಲ್ಲಿ ಬಹುಮಂದಿಯ ಹಿರಿಯರ ಮೂಲನಾಡಾದ ಗೋವೆಯನ್ನು ನೋಡೋಣ. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಎಂದು 1967ರ ಜನವರಿಯಲ್ಲಿ ಜನಮತ ಕೇಳಿದಾಗ, ಹಿಂದೂಗಳೂ ಕ್ರೈಸ್ತರೂ ಕೂಡಿ ಬೇಡವೆಂದರು, ಗೋವೆ ಉಳಿಯಿತು. ಆದರೆ 1987ರ ರಾಜಭಾಷಾ ಕಾಯಿದೆಯು ಕೊಂಕಣಿಯೆಂದರೆ ದೇವನಾಗರಿ ಲಿಪಿಯದು ಎಂದು ವಿಧಿಸಿತು. ರೋಮನ್ ಲಿಪಿಯಲ್ಲೇ ಪ್ರಾರ್ಥನೆಯನ್ನೂ ನಾಟಕವನ್ನೂ ಬರೆಯುತ್ತಿದ್ದವರು ಸ್ವಂತ ಮನೆಯಲ್ಲೇ ಹೊರಗಿನವರಾದೆವೆಂದು ನೊಂದರು. ‘ನಮ್ಮದು ಉಳಿಯಲಿ’ ಎಂಬ ಅಭಿಮಾನವು ಜನರನ್ನು ಕೂಡಿಸಿತ್ತು. ‘ನಾವು ಬರೆದುದೇ ಸರಿ’ ಎಂಬ ಹಟವು ಅವರನ್ನು ಅಗಲಿಸಿತು.

ಇದು ಗೋವೆಯ ಕಥೆ ಮಾತ್ರವೇ? ರಬ್ಬರು ಕೃಷಿಗಾಗಿ ಕೇರಳದಿಂದ ಬಂದು ನೆಲೆಸಿದ ಕುಟುಂಬವನ್ನು, ತಲೆಮಾರುಗಳು ಕಳೆದರೂ, ನಾವು ‘ಹೊರಗಿನವರು’ ಎಂದಿಲ್ಲವೇ? ಗುರ್ಕಾರರನ್ನು ಆರಿಸುವಾಗ ಯೋಗ್ಯತೆಗಿಂತ ಮೊದಲು ಮನೆತನವನ್ನೂ ಭಾಷೆಯನ್ನೂ ಎಣಿಸಿಲ್ಲವೇ? ದ್ವಿತೀಯ ವತಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳಿಗೆ ಪೂಜಾವಿಧಿಯ ಬಾಗಿಲು ತೆರೆದುದು ಭಕ್ತರೆಲ್ಲರೂ ಅರಿತು ಭಾಗವಹಿಸಲೆಂದು. ಒಬ್ಬರ ಭಾಷೆಯು ಇನ್ನೊಬ್ಬರ ಬಾಯಿ ಮುಚ್ಚಿಸಿದರೆ ಆ ಉದ್ದೇಶವೇ ಕೆಟ್ಟಂತೆ.

ಬಾಂಧವರೇ, ಅಡಕೆ ತೋಟಕ್ಕೆ ಬೇಲಿ ಬೇಕು. ಇಲ್ಲವಾದರೆ ಸಸಿ ಉಳಿಯದು. ನಮ್ಮ ಭಾಷೆ, ಹಾಡು, ಹಬ್ಬಗಳಿಗೂ ಅಂತಹ ಕಾಪು ಅಗತ್ಯ. ಆದರೆ ಹಿರಿಯರು ಬೇಲಿ ಕಟ್ಟುವಾಗ ನೆರೆಮನೆಯವರು ದಾಟಿ ಬರಲು ತಡಮೆಯನ್ನೂ ಇಡುತ್ತಿದ್ದರು. ತಡಮೆಯಿಲ್ಲದ ಬೇಲಿಯೊಳಗೆ ಕಷ್ಟಕಾಲಕ್ಕೆ ಯಾರೂ ಓಡಿ ಬರಲಾರರು.

ಆದುದರಿಂದ ಶತಮಾನದ ನೆನಪಿಗೆ ಒಂದು ನಿಶ್ಚಯ ಮಾಡೋಣ. ಬರುವ ಭಾನುವಾರದಿಂದಲೇ ವಾಚನಕ್ಕೆ, ಗಾಯನವೃಂದಕ್ಕೆ, ಪಾಲನಾ ಸಮಿತಿಗೆ, ಇದುವರೆಗೆ ನಾವು ಕರೆಯದೆ ಬಿಟ್ಟವರನ್ನು ಕರೆಯೋಣ. ಎರಡನೆಯ ಶತಮಾನದ ಮಕ್ಕಳು ‘ನಮ್ಮ ಇಗರ್ಜಿ’ ಎನ್ನುವಾಗ ಆ ‘ನಮ್ಮ’ ಎಂಬ ಮಾತಿನಲ್ಲಿ ಯಾರೊಬ್ಬರೂ ಹೊರಗುಳಿಯದಿರಲಿ.

ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.