ಗುರಿಯೂ ಮನೋಧರ್ಮವೂ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೇ ವಿದ್ಯೆಯ ಗುರಿಯೆಂದು ನಾವು ಬಹುಮಂದಿ ಭಾವಿಸಿರುವೆವು. ಆದುದರಿಂದಲೇ ಒಮ್ಮೆ ಅನುತ್ತೀರ್ಣನಾದ ಬಾಲಕನು ಸರ್ವಸ್ವವನ್ನೂ ಕಳೆದುಕೊಂಡವನಂತೆ ಕುಗ್ಗುವನು. ಮನೆಯವರೂ ಅವನೊಡನೆ ಕುಗ್ಗುವರು.

ನಮ್ಮ ನೆರೆಯ ಮಂಜೇಶ್ವರದ ಗೋವಿಂದ ಪೈಗಳನ್ನು (೧೮೮೩–೧೯೬೩) ನೆನೆಯೋಣ. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯವರು ತೀರಿಕೊಂಡುದರಿಂದ ಅವರು ಊರಿಗೆ ಮರಳಬೇಕಾಯಿತು, ಪದವಿ ಕೈಗೂಡಲಿಲ್ಲ. ಪದವಿಯೇ ಗುರಿಯಾಗಿದ್ದರೆ ಅವರ ಓದು ಅಂದೇ ಮುಗಿಯುತ್ತಿತ್ತು. ಅರಿವು ಗುರಿಯಾಗಿದ್ದುದರಿಂದ ಅದು ಕೊನೆಯವರೆಗೂ ನಡೆಯಿತು. ಮಂಜೇಶ್ವರದ ಮನೆಯಲ್ಲಿಯೇ ಇದ್ದು ಹಲವು ಭಾಷೆಗಳನ್ನು ಸ್ವಪ್ರಯತ್ನದಿಂದ ಕಲಿತರು; ಇತಿಹಾಸವನ್ನು ಶೋಧಿಸಿದರು; ‘ಗೊಲ್ಗೊಥಾ’, ‘ವೈಶಾಖಿ’ಗಳಂತಹ ಕಾವ್ಯಗಳನ್ನು ರಚಿಸಿದರು. ಮದರಾಸು ಸರಕಾರವು ಅವರಿಗೆ ‘ರಾಷ್ಟ್ರಕವಿ’ ಬಿರುದನ್ನಿತ್ತುದು ೧೯೪೯ರಲ್ಲಿ, ಅರುವತ್ತು ದಾಟಿದ ಬಳಿಕ. ಅಷ್ಟು ದೀರ್ಘಕಾಲ ಒಬ್ಬನನ್ನು ನಡೆಸಬಲ್ಲುದು ಕಲಿಕೆಯ ಆನಂದವೊಂದೇ.

ಪರೀಕ್ಷೆ ಬೇಡವೆಂದು ನಾವು ಹೇಳುತ್ತಿಲ್ಲ. ಅದು ದಾರಿಯ ಮೈಲುಗಲ್ಲು. ಸೇರಬೇಕಾದ ಊರು ಇನ್ನೂ ಮುಂದಿದೆ. ಆದುದರಿಂದ ಹಿರಿಯರಾದ ನಾವು ಇಂದು ಸಂಜೆ ಮಕ್ಕಳೊಡನೆ “ಅಂಕವೆಷ್ಟು?” ಎನ್ನುವ ಮುನ್ನ, “ಹೊಸತೇನು ಕಲಿತೆ?” ಎಂದು ಕೇಳೋಣ. ಮಕ್ಕಳೇ, ಆ ಪ್ರಶ್ನೆಗೆ ದಿನವೂ ಒಂದು ಉತ್ತರವಿರುವಂತೆ ಬಾಳಿರಿ. ಜಯವೂ ಸುಖವೂ ಆ ದಾರಿಯಲ್ಲಿಯೇ ನಿಮಗೆ ದೊರೆಯಲಿ.