ಗರ್ಭಕಂಠದ ಅರ್ಬುದವೂ ವಂಶವಾಹಿಗಳ ಓದೂ



ಸ್ತ್ರೀಯರ ಗರ್ಭಕೋಶದ ಕಂಠದಲ್ಲಿ ಹುಟ್ಟುವ ಅರ್ಬುದವನ್ನು ಕುರಿತು ಸಭೆಯಲ್ಲಿ ಮಾತನಾಡುವುದು ಮರ್ಯಾದೆಗೆ ತಕ್ಕುದಲ್ಲವೆಂದು ಭಾವಿಸುವವರುಂಟು. ಆದರೆ 2022ನೆಯ ಇಸವಿಯೊಂದರಲ್ಲಿಯೇ ಭರತಖಂಡದಲ್ಲಿ ಸುಮಾರು 80,000 ಸ್ತ್ರೀಯರು ಈ ವ್ಯಾಧಿಯಿಂದ ಮೃತರಾದರೆಂದು ಅಂತರರಾಷ್ಟ್ರೀಯ ಗಣನೆಯು ಅಂದಾಜು ಮಾಡಿರುವಾಗ, ಮೌನವನ್ನು ಮರ್ಯಾದೆಯೆಂದು ಕರೆಯುವುದು ಹೇಗೆ?

ಮಠಗಳ ಭಂಡಾರಗಳಲ್ಲಿ ಓಲೆಯ ಕಟ್ಟುಗಳಿರುವುದನ್ನು ಎಲ್ಲರೂ ಬಲ್ಲರು. ಮೂಲವನ್ನು ಹೊರಗೆ ಕೊಡದೆ, ಬೇಕಾದ ಪ್ರಕರಣವನ್ನು ಮಾತ್ರ ಕಾಗದದಲ್ಲಿ ಪ್ರತಿಮಾಡಿಸಿ ಕೊಡುವುದು ವಾಡಿಕೆ. 1936ರಲ್ಲಿ ಸ್ಥಾಪಿತವಾಗಿ ಬಹುಕಾಲ ನಾಡಿಗೆ ಕಾಗದವನ್ನೊದಗಿಸಿದ ಕಾರ್ಖಾನೆಯ ಊರಿನವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಜೀವಕೋಶದಲ್ಲಿಯೂ ಕ್ರಮವು ಇದೇ. ಮೂಲಗ್ರಂಥವೇ ಡಿ.ಎನ್.ಎ.; ಅದರಲ್ಲಿ ಪ್ರೋಟೀನುಗಳನ್ನು ವಿಧಿಸುವ ವಂಶವಾಹಿಗಳೆಂಬ ಪ್ರಕರಣಗಳು ಸುಮಾರು 20,000. ಬೇಕಾದ ಪ್ರಕರಣದ ಪ್ರತಿಯೇ ಆರ್.ಎನ್.ಎ.; ಆ ಪ್ರತಿಯನ್ನನುಸರಿಸಿ ಪ್ರೋಟೀನು ಸಿದ್ಧವಾಗುವುದು. ಕಣ್ಣಿನ ಕೋಶಕ್ಕೂ ಕರುಳಿನ ಕೋಶಕ್ಕೂ ಗ್ರಂಥವೊಂದೇ, ಓದು ಬೇರೆ. ಈ ಓದಿಗೆ ವಂಶವಾಹಿಯ ಅಭಿವ್ಯಕ್ತಿಯೆಂದು ಹೆಸರು. ಗರ್ಭಕಂಠದ ಅರ್ಬುದದಲ್ಲಿ ಮೊದಲು ಕೆಡುವುದು ಈ ಓದೇ.

ಕೆಡಿಸುವುದು ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ಸು. ಅದರ 16ನೆಯ ಬಗೆಯನ್ನು ಈ ಅರ್ಬುದದಲ್ಲಿ ಗುರುತಿಸಿ 1983ರಲ್ಲಿ ಪ್ರಕಟಿಸಿದವರು ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸನ್ ಮತ್ತು ಸಂಗಡಿಗರು. 2008ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. 16, 18 ಎಂಬ ಎರಡೇ ಬಗೆಗಳು ಈ ವ್ಯಾಧಿಯ ನೂರರಲ್ಲಿ ಸುಮಾರು ಎಪ್ಪತ್ತು ಪಾಲಿಗೆ ಕಾರಣ. ಸೋಂಕು ತಗಲಿದವರಲ್ಲಿ ಬಹುಮಂದಿಯ ದೇಹವು ಎರಡು ವರ್ಷಗಳೊಳಗೆ ಅದನ್ನು ತಾನೇ ನೀಗಿಸಿಕೊಳ್ಳುವುದು. ಉಳಿದುಕೊಂಡ ಕೆಲವರಲ್ಲಿ ವೈರಸ್ಸಿನ ಲೇಖನವು ತುಂಡಾಗಿ ಮಾನವ ಗ್ರಂಥದ ನಡುವೆ ಸೇರಿಹೋಗುವುದುಂಟು. ಹಾಗೆ ತುಂಡಾಗುವಾಗ ಇ-2 ಎಂಬ ನಿಯಾಮಕವು ಮುರಿದುಬಿದ್ದರೆ, ಇ-6, ಇ-7 ಎಂಬೆರಡು ವಂಶವಾಹಿಗಳ ಪ್ರತಿಗಳು ಅಂಕೆಯಿಲ್ಲದೆ ಹೊರಬೀಳುತ್ತವೆ. (ಈ ಹೆಸರುಗಳಲ್ಲಿ ಸಾರಸ್ಯವಿಲ್ಲ, ಇಟ್ಟವರಿಗೆ ನಿಘಂಟಿನ ಗೊಡವೆಯಿರಲಿಲ್ಲವೆಂದು ತೋರುತ್ತದೆ.)

ಪಿ-53 ಎಂಬ ಪ್ರೋಟೀನು ಕೋಶದ ಕಾವಲುಗಾರ. ಗ್ರಂಥಕ್ಕೆ ಹಾನಿಯಾದರೆ ಕೋಶದ ವಿಭಜನೆಯನ್ನು ನಿಲ್ಲಿಸುವುದೂ, ಸರಿಪಡಿಸಲಾಗದಿದ್ದರೆ ಕೋಶವನ್ನೇ ಅಳಿಸುವುದೂ ಅದರ ಕೆಲಸ. ಇ-6 ಅದನ್ನು ನಾಶಕ್ಕೆ ಗುರಿಮಾಡುತ್ತದೆ. ಇ-7 ಆರ್‌ಬಿ ಎಂಬ ಇನ್ನೊಂದು ಕಾವಲನ್ನು ನಿಷ್ಕ್ರಿಯಗೊಳಿಸುವುದರಿಂದ ವಿಭಜನೆಗೆ ಬೇಕಾದ ಪ್ರಕರಣಗಳೆಲ್ಲ ಒಮ್ಮೆಗೇ ಓದಲ್ಪಡುತ್ತವೆ. ಆಗ ಕೋಶವು ತಡೆಯುವುದಕ್ಕಾಗಿ ಪಿ-16 ಎಂಬ ಪ್ರೋಟೀನನ್ನು ರಾಶಿರಾಶಿಯಾಗಿ ಮಾಡುತ್ತದೆ. ಆದರೆ ಪಿ-16 ಕೆಲಸ ಮಾಡಬೇಕಾದುದು ಆರ್‌ಬಿಯ ಮೂಲಕವೇ ಆದುದರಿಂದ, ಏರಿಯೊಡೆದ ಕೆರೆಯ ತೂಬನ್ನು ಮುಚ್ಚಿದಂತೆ ಆ ಪ್ರಯತ್ನವು ವ್ಯರ್ಥ. ವೈದ್ಯರಿಗೆ ಮಾತ್ರ ಅದು ವ್ಯರ್ಥವಲ್ಲ. ಸಂಶಯದ ಅಂಗಾಂಶಕ್ಕೆ ಬಣ್ಣಹಾಕಿ ಪಿ-16ರ ರಾಶಿಯನ್ನು ಕಂಡರೆ, ಅರ್ಬುದದ ಪೂರ್ವಸ್ಥಿತಿಯನ್ನು ಸಾಮಾನ್ಯ ವಿಕಾರದಿಂದ ಬೇರ್ಪಡಿಸಬಹುದು.

ಓದು ಕೆಟ್ಟಮಾತ್ರಕ್ಕೆ ಕಾವಲುಗಾರರು ಸತ್ತರೆಂದು ತಿಳಿಯಬಾರದು. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕರಿಯ ತಾಯಿಯ ಗರ್ಭಕಂಠದ ಅರ್ಬುದದಿಂದ ತೆಗೆದ ಕೋಶಗಳು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಆಕೆಯ ಅನುಮತಿಯನ್ನು ಕೇಳಲಿಲ್ಲವೆಂಬುದು ವಿಜ್ಞಾನದ ಚರಿತ್ರೆಗೆ ಅಂಟಿದ ಕಳಂಕ. ಆ ಕೋಶಗಳಲ್ಲಿ ವೈರಸ್ಸಿನ 18ನೆಯ ಬಗೆಯಿದೆ. 2000ದಲ್ಲಿ ಪ್ರಕಟವಾದ ಯೇಲ್ ವಿದ್ಯಾಲಯದ ಪ್ರಯೋಗದಲ್ಲಿ ಇ-2ನ್ನು ಮರಳಿ ಒಳಸೇರಿಸಲು, ಇ-6, ಇ-7ರ ಪ್ರತಿಗಳು ನಿಂತುಹೋದವು. ಸುಮಾರು ಅರ್ಧ ಶತಮಾನ ಅಡಗಿದ್ದ ಪಿ-53ರ ಮತ್ತು ಆರ್‌ಬಿಯ ಮಾರ್ಗಗಳು ಎಚ್ಚೆತ್ತು, ಕೋಶಗಳು ವಿಭಜನೆಯನ್ನು ಬಿಟ್ಟವು. ಇದು ಪಾತ್ರೆಯಲ್ಲಿ ಬೆಳೆದ ಕೋಶಗಳ ಮಾತು. ರೋಗಿಗೆ ಕೊಡತಕ್ಕ ಚಿಕಿತ್ಸೆಯಲ್ಲ.

ರೋಗಿಗೆ ದೊರೆಯುವ ಅನುಕೂಲವೆಂದರೆ ಕಾಲಾವಕಾಶ. ಸೋಂಕಿನಿಂದ ಅರ್ಬುದದವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷಗಳು ಕಳೆಯುತ್ತವೆ. ಕರ್ನಾಟಕದ ಗಡಿಗೆ ಹೊಂದಿರುವ, ಆಗ ಉಸ್ಮಾನಾಬಾದೆಂದು ಕರೆಯಲ್ಪಡುತ್ತಿದ್ದ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ 1,30,000ಕ್ಕೂ ಮಿಕ್ಕ ಸ್ತ್ರೀಯರನ್ನು ಕುರಿತು ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈರಸ್ಸಿನ ಪರೀಕ್ಷೆಯನ್ನು ಒಂದೇ ಬಾರಿ ಏರ್ಪಡಿಸಿದ ಗುಂಪಿನಲ್ಲಿ ಈ ವ್ಯಾಧಿಯ ಮರಣಗಳು ಸರಿಸುಮಾರು ಅರ್ಧಕ್ಕಿಳಿದವು. ಓದುಬರಹವಿಲ್ಲದ ಹಳ್ಳಿಯ ಹೆಂಗಸರು ಮುಂದೆ ಬಂದಿರುವಾಗ ಪಟ್ಟಣದವರು ಹಿಂಜರಿಯುವುದು ಸರಿಯಲ್ಲ.

ಹಿಂಜರಿಕೆಗೆ ಕಾರಣ ಲಜ್ಜೆಯೊಂದೇ ಅಲ್ಲ, ಅಪವಾದದ ಭಯ. ವ್ಯಾಧಿ ಬಂದವಳ ಶೀಲವನ್ನು ಶಂಕಿಸುವುದು ಅಜ್ಞಾನವೂ ಹೌದು, ಕ್ರೌರ್ಯವೂ ಹೌದು. ದಾಂಪತ್ಯಜೀವನವುಳ್ಳ ಸ್ತ್ರೀಪುರುಷರಲ್ಲಿ ಬಹುಪಾಲು ಜನರಿಗೆ ಒಂದಲ್ಲ ಒಂದು ಕಾಲದಲ್ಲಿ ಈ ಸೋಂಕು ತಗಲುವುದು. ಪತಿಯನ್ನಲ್ಲದೆ ಅನ್ಯರನ್ನರಿಯದವಳಿಗೂ ಅದು ಬರುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೂ, ದಾಂಪತ್ಯಸಂಗದ ತರುವಾಯ ಕಂಡರೂ, ದುರ್ಗಂಧದ ಸ್ರಾವವಿದ್ದರೂ ಅತ್ತೆಯಾಗಲಿ ಸೊಸೆಯಾಗಲಿ ಮುಚ್ಚಿಡದೆ ವೈದ್ಯರಿಗೆ ತಿಳಿಸತಕ್ಕದ್ದು.

9ರಿಂದ 14 ವಯಸ್ಸಿನ ಬಾಲೆಯರಿಗೆ ಲಸಿಕೆಯುಂಟು. ಈ ದೇಶದಲ್ಲಿಯೇ ತಯಾರಾದ ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. ಅದು ಮುಂದೆ ತಗಲಬಹುದಾದ ಸೋಂಕನ್ನು ತಡೆಯುವುದಲ್ಲದೆ, ಆಗಲೇ ಒಳಸೇರಿದ ಲೇಖನವನ್ನು ಅಳಿಸಲಾರದು. ಆದಕಾರಣ ಮೂವತ್ತು ದಾಟಿದ ತಾಯಂದಿರಿಗೆ ಪರೀಕ್ಷೆಯೇ ಬೇಕು. ಅದಕ್ಕೆ ಕೆಲವು ನಿಮಿಷಗಳು ಸಾಕು, ಆಸ್ಪತ್ರೆಯಲ್ಲಿ ರಾತ್ರಿ ಉಳಿಯಬೇಕಾದುದಿಲ್ಲ.