ಬೇಕಲಕ್ಕೆ ಸೈಕಲ್ ಸವಾರಿ
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಾಸರಗೋಡಿನಿಂದ ಬೇಕಲದ ಕೋಟೆಗೆ ಕರಾವಳಿಯ ದಾರಿಯಲ್ಲಿ ಸುಮಾರು 16 ಕಿಲೋಮೀಟರು. ಮೇಲ್ತರಗತಿಯ ಮಕ್ಕಳು ಅಲ್ಲಿಗೆ ಸೈಕಲಿನಲ್ಲಿ ಹೋಗಿಬರಲು ಅಪ್ಪಣೆ ಬೇಡಿರುವರು. ಬಸ್ಸಿರುವಾಗ ಈ ಶ್ರಮವೇತಕ್ಕೆಂದು ತಮ್ಮಲ್ಲಿ ಕೆಲವರು ಕೇಳಿದಿರಿ.

ಬಸ್ಸು ಚಂದ್ರಗಿರಿ ಹೊಳೆಯನ್ನು ಕ್ಷಣದಲ್ಲಿ ದಾಟಿಬಿಡುತ್ತದೆ. ಸೈಕಲಿನವನಾದರೋ ಸೇತುವೆ ದಾಟಿ ಇಳಿದು ನಿಲ್ಲಬಲ್ಲನು. ತುಳುನಾಡಿಗೂ ಮಲೆಯಾಳಕ್ಕೂ ಹಿಂದೆ ಎಲ್ಲೆಯೆನಿಸಿದ್ದ ಹೊಳೆಯನ್ನು ಕಣ್ತುಂಬ ನೋಡಬಲ್ಲನು. ತೆಂಕಣ ದಡದ ಎತ್ತರದಲ್ಲಿ ಚಂದ್ರಗಿರಿ ಕೋಟೆಯಿದೆ. ಅದನ್ನೂ ಬೇಕಲದ ಕೋಟೆಯನ್ನೂ 17ನೆಯ ಶತಮಾನದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕನೆಂದು ಪ್ರತೀತಿ. ಕೋಟೆಯನ್ನು ಎತ್ತರದಲ್ಲೇಕೆ ಕಟ್ಟಿದರೆಂಬುದನ್ನು ಏರು ತುಳಿದ ಕಾಲುಗಳೇ ತಿಳಿಸುವುವು; ಅದಕ್ಕೆ ನನ್ನ ಪಾಠ ಬೇಕಿಲ್ಲ.

ದಾರಿ ಕಠಿನವಲ್ಲ, ಸಮತಟ್ಟೂ ಅಲ್ಲ. ಏರಿನಲ್ಲಿ ದಣಿದರೆ ಇಳಿದು ತಳ್ಳಿರಿ, ಅದರಲ್ಲಿ ನಾಚಿಕೆಯೇನು? ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನೊಂದನ್ನೇ ತಟ್ಟನೆ ಒತ್ತಿದವನು ಮುಗ್ಗರಿಸುವನು. ಎರಡನ್ನೂ ಮೆಲ್ಲಮೆಲ್ಲನೆ ಒತ್ತಬೇಕು. ಬಸ್ಸು ಲಾರಿಗಳ ರಸ್ತೆಯಾದುದರಿಂದ ತಲೆಗೆ ಹೆಲ್ಮೆಟ್ ಧರಿಸಿ, ಎಡಬದಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಬೇಕು. ಡಬಲ್ ಸವಾರಿ ಕೂಡದು.

ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವುದು. ಅದು ವಾಯವ್ಯದಿಂದ ಬೀಸಿದರೆ ಊರಿಗೆ ಮರಳುವವರಿಗೆ ಎದುರುಗಾಳಿ. ಹೋಗುವಾಗಲೇ ಪಂದ್ಯ ಕಟ್ಟಿ ಬಲವನ್ನೆಲ್ಲ ವೆಚ್ಚಮಾಡಿದವರು ಆಗ ಪರಿತಪಿಸುವರು. ಆದುದರಿಂದ ಬೆಳಕು ಹರಿಯುತ್ತಲೇ ಹೊರಟು, ಹನ್ನೊಂದರೊಳಗೆ ಹಿಂದಿರುಗತಕ್ಕದ್ದು.

ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ತೀರ ಕಡಮೆ. ದಿನವೂ ಶಾಲೆಗೆ ಸೈಕಲಿನಲ್ಲಿ ಬರುವ ಹುಡುಗಿಗೆ ಬೇಕಲ ಮಾತ್ರ ದೂರವಾಯಿತೇ? ಉಪಾಧ್ಯಾಯಿನಿಯರಿಬ್ಬರು ಸೈಕಲಿನಲ್ಲಿಯೇ ಅವರ ಸಂಗಡ ಬರುವರು. ಒಪ್ಪಿಗೆಯ ಚೀಟಿಗಳನ್ನು ಶುಕ್ರವಾರದೊಳಗೆ ಕಳುಹಿಸಿಕೊಡಿರಿ. ಬ್ರೇಕು ಸರಿಯಿಲ್ಲದ ಸೈಕಲನ್ನು ಮಾತ್ರ ಗೇಟಿನಿಂದಲೇ ಹಿಂದಕ್ಕೆ ಕಳುಹಿಸುವೆನು.